ಒಂದು ಹುಡುಗಿಯನ್ನು ಬೇಡ ಅಂದದ್ದಕ್ಕಾ?

ಮೊನ್ನೆ ರಾತ್ರಿ ನಮ್ಮೂರ ದೇವಸ್ಥಾನದಲ್ಲಿ ತಾಳಮದ್ದಳೆ ಇತ್ತು, ವೇಷ ಕುಣಿತ ಇಲ್ಲದೆ ಕೂತು ಮಾತಲ್ಲೇ ನಡೆಸುವ ಯಕ್ಷಗಾನ. ಪ್ರಸಂಗ ಭೀಷ್ಮವಿಜಯ. ಮರುದಿನ ನಿದ್ದೆಗಣ್ಣಲ್ಲೇ ಅಕ್ಕನ ಮನೆಗೆ ಹೋದರೆ ಅವಳ ಮಗ ಜಗಲಿಯಲ್ಲಿ ಕೂತು ‘ಗೇಮ್ ಆಫ್ ಥ್ರೋನ್ಸ್’ ನೋಡುತ್ತಿದ್ದ. 2013ರಲ್ಲಿ ಬಂದ ಆ ಕಂತು, ಮೂರನೇ ಸೀಸನ್ನಿನ ಒಂಬತ್ತನೆಯದು. ಊಟದ ಮನೆಯಲ್ಲೇ, ಸೋದರಮಾವನ ಮದುವೆಗೆ ಹೋದ ಎಳೆಯ ರಾಜ ರಾಬ್ ಸ್ಟಾರ್ಕ್, ಅವನ ತಾಯಿ, ಬಸುರಿ ಹೆಂಡತಿ ಎಲ್ಲರನ್ನೂ ಕಡಿದು ಹಾಕುತ್ತಾರಲ್ಲ, ಅದು.

ಮುಗಿದ ಕೂಡಲೇ ಹುಡುಗ ಕೇಳಿದ. “ಎಂತ ಮಾವ ಇದು? ಒಂದು ಹುಡುಗಿಯನ್ನು ಬೇಡ ಅಂದದ್ದಕ್ಕೆ ಇಷ್ಟು ಜನರನ್ನು ಕೊಲ್ಲುವುದಾ? ಅಷ್ಟು ಸಣ್ಣ ವಿಷಯಕ್ಕೆ?”

ನನಗೆ ಸಿಟ್ಟು ಬಂತು. ಅವನ ಮೇಲೆ ಅಲ್ಲ. ಈ ಮಾತನ್ನು ನಾನು ಹತ್ತು ವರ್ಷದಿಂದ ಕೇಳುತ್ತಿದ್ದೇನೆ. ಈ ಧಾರಾವಾಹಿಗೆ ಮೂಲವಾದ ಜಾರ್ಜ್ ಆರ್. ಆರ್. ಮಾರ್ಟಿನ್ ಅವರ ಪುಸ್ತಕಗಳನ್ನು ನಾನು ಎಷ್ಟೋ ಸಲ ಓದಿದ್ದೇನೆ. ಯಾರ ಜೊತೆ ಮಾತಾಡಿದರೂ ರಾಬ್‌ನದ್ದು ಪ್ರೇಮಕಥೆ, ಕೊಲ್ಲಿಸಿದ ಕೋಟೆಯೊಡೆಯ ವಾಲ್ಡರ್ ಫ್ರೇಯದ್ದು ಮುದಿ ಹಠ. ಸಣ್ಣ ವಿಷಯ ಅಂತೆ!

ಮೊದಲು ಹೊಳೆಯನ್ನು ನೋಡಿ. ಟ್ವಿನ್ಸ್ ಅಂದರೆ ಎರಡು ದಡದಲ್ಲಿ ಎರಡು ಕೋಟೆ, ನಡುವೆ ಒಂದು ಸೇತುವೆ. ಫ್ರೇ ಮನೆತನ ದೊಡ್ಡದಾದದ್ದೇ ಆ ಸೇತುವೆಯ ಸುಂಕದಿಂದ. ರಾಬ್‌ನ ಅಪ್ಪ ರಾಜಧಾನಿಯಲ್ಲಿ ಸೆರೆಯಲ್ಲಿದ್ದಾನೆ, ತಾಯಿಯ ತವರು ರಿವರ್‌ರನ್ ಮುತ್ತಿಗೆಯಲ್ಲಿದೆ. ಬೇಗ ದಾಟದಿದ್ದರೆ ಎಲ್ಲ ಮುಗಿಯಿತು. ಚಂದ್ರಗಿರಿ ಹೊಳೆಗೆ ಸೇತುವೆ ಇಲ್ಲದ ಕಾಲದಲ್ಲಿ ಕಡವಿನ ದೋಣಿಯವನ ಮಾತೇ ಮಾತು ಅಂತ ನಮ್ಮ ಅಜ್ಜ ಹೇಳುತ್ತಿದ್ದರು. ಅದೇ ಲೆಕ್ಕ. ಮುದುಕ ದಾರಿ ಬಿಟ್ಟ, ಜನವನ್ನೂ ಕೊಟ್ಟ. ಬದಲಿಗೆ ಕೇಳಿದ್ದು ಮದುವೆ. ಮುದುಕನ ಒಬ್ಬ ಮಗಳನ್ನು ರಾಬ್ ಮದುವೆಯಾಗಬೇಕು, ತಂಗಿ ಆರ್ಯಾಳನ್ನು ಫ್ರೇ ಹುಡುಗನಿಗೆ ಕೊಡಬೇಕು.

ಆ ಒಪ್ಪಂದದ ಮೇಲೆ ಹೊಳೆ ದಾಟಿ ರಾಬ್ ವೈರಿ ಸೇನಾಪತಿ ಜೇಮೀ ಲ್ಯಾನಿಸ್ಟರ್‌ನನ್ನು ಹಿಡಿದ. ಮುತ್ತಿಗೆ ಬಿಡಿಸಿದ. ರಾಜನಾದ. ಅಂದರೆ ಅವನ ಕಿರೀಟಕ್ಕೆ ಬುನಾದಿಯೇ ಆ ನಿಶ್ಚಿತಾರ್ಥ. ಬೇರೆಯವಳನ್ನು ಮದುವೆಯಾಗಿ ಅದನ್ನು ಮುರಿದ ಮೇಲೆ ಫ್ರೇ ಜನ ಸೈನ್ಯ ಬಿಟ್ಟು ಹೊರಟರು. ಜೊತೆಗಿದ್ದ ಸಾಮಂತ ಬೋಲ್ಟನ್ ಗಾಳಿ ಯಾವ ಕಡೆ ಅಂತ ನೋಡಿದ. ಪುಸ್ತಕದಲ್ಲಂತೂ ಉತ್ತರದ ಊರು ವೈರಿಗಳ ಕೈಸೇರಿರುತ್ತದೆ, ಮನೆಗೆ ಹೋಗಲು ರಾಬ್ ಮತ್ತೆ ಅದೇ ಸೇತುವೆ ದಾಟಬೇಕು. ಮುದುಕ ಸುಮ್ನೆ ಕಾದು ಕೂತ.

ಅಲ್ಲಿಯ ಅತಿಥಿಧರ್ಮದಂತೆ ಬ್ರೆಡ್ಡು ಉಪ್ಪು ಕೊಟ್ಟು ಒಳಗೆ ಕರೆದು ಕೊಂದದ್ದು ಘೋರ ಪಾಪ. ಅದಕ್ಕೆ ನಾನು ಕಾರಣ ಹುಡುಕುವುದಿಲ್ಲ. ಆದರೆ ವಿಷಯ ಸಣ್ಣದಲ್ಲ.

ಇದು ಬರೀ ಕಟ್ಟುಕಥೆಯೂ ಅಲ್ಲ. ಮಾರ್ಟಿನ್ ಈ ಕಥೆಗೆ ಇಂಗ್ಲೆಂಡಿನಲ್ಲಿ ಕಿರೀಟಕ್ಕಾಗಿ ನಡೆದ ಗುಲಾಬಿ ಯುದ್ಧಗಳಿಂದ ಬಹಳ ತೆಗೆದುಕೊಂಡಿದ್ದಾರೆ. ಅಲ್ಲಿ ವಾರ್ವಿಕ್ ಎಂಬ ದೊಡ್ಡ ಸಾಮಂತ ತನ್ನ ರಾಜ ನಾಲ್ಕನೇ ಎಡ್ವರ್ಡ್‌ಗೆ ಫ್ರಾನ್ಸ್ ಕಡೆಯ ಸಂಬಂಧ ಮಾತಾಡುತ್ತಿದ್ದಾಗಲೇ, 1464ರಲ್ಲಿ, ರಾಜ ಗುಟ್ಟಾಗಿ ಎಲಿಜಬೆತ್ ವುಡ್ವಿಲ್‌ಳನ್ನು ಮದುವೆಯಾದ. ವಾರ್ವಿಕ್‌ನ ಮುಖಭಂಗವಾಯಿತು. ಬೇರೆ ಮನಸ್ತಾಪಗಳೂ ಸೇರಿದವು. 1470ರಲ್ಲಿ ರಾಜ ದೇಶ ಬಿಟ್ಟು ಓಡಬೇಕಾಯಿತು.

“ಮನಸ್ಸಿಲ್ಲದ ಮದುವೆ ಆಗಬೇಕಿತ್ತಾ?” ಅಂತ ನೀವು ಕೇಳುತ್ತೀರಿ. ಪುಸ್ತಕದ ರಾಬ್ ಪ್ರೇಮದಲ್ಲಿ ಕುರುಡಾದವನೇ ಅಲ್ಲ, ಮರ್ಯಾದೆಗೆ ಅಂಜುವ ಹುಡುಗ ಅಂತಲೂ ಹೇಳುತ್ತೀರಿ. ಗಾಯಗೊಂಡು ಮಲಗಿದ್ದಾಗ ತಮ್ಮಂದಿರು ಸತ್ತರು ಅಂತ ಸುದ್ದಿ ಬರುತ್ತದೆ. ಆ ದುಃಖದಲ್ಲಿ, ಆರೈಕೆ ಮಾಡುತ್ತಿದ್ದ ಜೇನ್ ವೆಸ್ಟರ್ಲಿಂಗ್ ಎಂಬ ಹುಡುಗಿಯ ಜೊತೆ ಒಂದು ರಾತ್ರಿ. ಬೆಳಗಾದ ಮೇಲೆ ಅವಳ ಮಾನ ಉಳಿಸಲು ಮದುವೆ. ಸರಿ, ಒಪ್ಪುತ್ತೇನೆ. ಕಣ್ಣೆದುರಿಗಿದ್ದ ಹುಡುಗಿಯ ಮಾನ ಉಳಿಯಿತು. ಕಣ್ಣಿಗೆ ಕಾಣದವಳದ್ದು? ಅವಳಿಗೆ ಮಾನ ಇಲ್ವಾ?

ನಮ್ಮ ಅಂಬೆಯನ್ನು ನೋಡಿ. ಮನಸ್ಸು ಸಾಲ್ವನಿಗೆ ಕೊಟ್ಟಿದ್ದಳು, ಭೀಷ್ಮ ಹೊತ್ತು ತಂದ. ಭೀಷ್ಮ ಕಳಿಸಿಕೊಟ್ಟರೆ ಸಾಲ್ವ ಬೇಡ ಅಂದ, ವಾಪಸು ಬಂದರೆ ಭೀಷ್ಮ ಪ್ರತಿಜ್ಞೆ ತೋರಿಸಿದ. ಮೊನ್ನೆ ಅಂಬೆಯ ಪಾತ್ರದ ಅರ್ಥ ಹೇಳಿದವರು “ನಾನು ಈಗ ಯಾರ ಮನೆಯವಳು?” ಅಂತ ಮೂರು ಸಲ ಕೇಳಿದರು. ಮೂರನೆಯ ಸಲ ಚೆಂಡೆ ಮದ್ದಳೆ ಎರಡೂ ನಿಂತಿದ್ದವು. ಎದುರು ಕೂತ ಭೀಷ್ಮ ಶಾಲು ಸರಿಮಾಡಿಕೊಂಡರು, ಮಾತು ಬರಲಿಲ್ಲ. ಆ ಪ್ರಶ್ನೆಗಾಗಿ ಪರಶುರಾಮನೇ ಬಂದು ಯುದ್ಧ ಮಾಡಿದ. ಕೊನೆಗೆ ಅವಳು ಶಿಖಂಡಿಯಾಗಿ ಹುಟ್ಟಿ ಬಂದಳು, ಕುರುಕ್ಷೇತ್ರದ ಹತ್ತನೇ ದಿನ ಭೀಷ್ಮ ಬಿದ್ದ. ಕೌರವರ ಸೇನಾಪತಿಯೇ ಹೋದ. ಸಣ್ಣ ವಿಷಯವಾ?

ಇನ್ನೊಂದು ಹೇಳಬೇಕು. ಅಕ್ಕನನ್ನು ಕೇಳಿಯೇ ಬರೆಯುತ್ತಿದ್ದೇನೆ. ಅವಳ ಬದ್ಧ, ಅಂದರೆ ಮದುವೆ ನಿಶ್ಚಯ, ಒಂದು ಸಲ ಮುರಿದಿತ್ತು. ಹುಡುಗ ಬೆಂಗಳೂರಲ್ಲಿ ಬೇರೆಯವಳನ್ನು ಮದುವೆಯಾದ, ನಮಗೆ ತಿಳಿದದ್ದು ಮೂರನೆಯವರಿಂದ. ಮದುವೆಗೆ ಹದಿನೆಂಟು ದಿನ ಇತ್ತು. ರವಿಕೆ ಹೊಲಿದು ಬಂದಿತ್ತು. ಹುಡುಗನ ಮನೆಯವರ ಗುಡ್ಡದಲ್ಲಿ ನೀರಿಗಾಗಿ ಕೊರೆದ ಸುರಂಗದಿಂದ ನಮ್ಮ ತೋಟಕ್ಕೆ ನೀರು ಬರುತ್ತಿತ್ತು, ಅಜ್ಜಂದಿರ ಕಾಲದಿಂದ. ಅಪ್ಪ ಮರುದಿನ ಬೆಳಿಗ್ಗೆ ಹೋಗಿ ಆ ಪೈಪನ್ನು ಕೈಯಾರೆ ಬಿಚ್ಚಿಟ್ಟು ಬಂದರು. ಅವರೇನೂ ನೀರು ನಿಲ್ಲಿಸಿರಲಿಲ್ಲ. ಆ ಬೇಸಿಗೆಯಲ್ಲಿ ಕೆಳಗಿನ ತೋಟದ ಅಡಿಕೆ ಮರಗಳ ಸೋಗೆ ಒಣಗಿ ಜೋತುಬಿತ್ತು. ಸಾಲ ಮಾಡಿ ಬಾವಿ ತೋಡಿಸಿದರು. ಎರಡು ಮನೆಯವರು ಇವತ್ತಿಗೂ ಒಬ್ಬರ ಅಂಗಳಕ್ಕೆ ಒಬ್ಬರು ಕಾಲಿಟ್ಟಿಲ್ಲ. ನಮ್ಮದು ಯಾವ ರಾಜಮನೆತನ?

ಆ ಹುಡುಗ ಅಕ್ಕನನ್ನೇ ಮದುವೆಯಾಗಬೇಕಿತ್ತು ಅಂತ ನಾನು ಹೇಳುವುದಿಲ್ಲ. ಅಕ್ಕನೂ ಹೇಳುವುದಿಲ್ಲ. ಮೊದಲೇ ಬಂದು ಎದುರು ಕೂತು ಹೇಳಬಹುದಿತ್ತು. ಅಷ್ಟೇ.

ಅಳಿಯನಿಗೆ ಇದು ಯಾವುದೂ ಗೊತ್ತಿರಲಿಲ್ಲ. ಅವನು “ಸಣ್ಣ ವಿಷಯ” ಅಂದಾಗ ಅಕ್ಕ ಒಳಗೆ ಮಜ್ಜಿಗೆ ಕಡೆಯುತ್ತಿದ್ದಳು. ಕಡೆಯುವ ಸದ್ದು ನಿಂತಿತು. ಹೊರಗೆ ಬಂದು ಕೇಳಿದಳು, “ಆ ಹುಡುಗಿಯ ಹೆಸರೆಂತ?”

ಒಪ್ಪಂದದಲ್ಲಿ ಹೆಸರೇ ಇರಲಿಲ್ಲ ಅಂದೆ. ಫ್ರೇಯ ಒಬ್ಬ ಮಗಳು, ಯಾರಾದರೂ ಆಗಬಹುದಿತ್ತು.

“ಬೇಡ ಅಂತ ಅವರ ಮನೆಗೆ ಹೋಗಿ ಹೇಳಿದ್ದು ಯಾರು?”

“ರಾಬ್‌ನ ಮದುವೆಗೆ ಮೊದಲು ಯಾರೂ ಹೋಗಲಿಲ್ಲ ಅಕ್ಕ.”