ಬೆಂಕಿಕಡ್ಡಿಗಿಂತ ಗಿಡ್ಡ ಬಂದೂಕು

ನಾನು ಬಣ್ಣ ಹಚ್ಚಿದ ಮೊದಲ ಬಂದೂಕು ಥೇಟ್ ಸ್ಟೀಲ್ ಚಮಚದ ಹಾಗೆ ಹೊಳೆಯುತ್ತಿತ್ತು. ಅದನ್ನು ಹೆಗಲಿಗೇರಿಸಿದ ಪ್ಲಾಸ್ಟಿಕ್ ಸಿಪಾಯಿ ಯುದ್ಧಕ್ಕಲ್ಲ, ಊಟಕ್ಕೆ ಹೊರಟವನಂತೆ ಕಾಣುತ್ತಿದ್ದ. ತಪ್ಪು ನನ್ನದೇ. ಲೋಹ ಅಂದಮೇಲೆ ಬೆಳ್ಳಿ ಬಣ್ಣ ಅಲ್ವಾ ಅಂತ ಡಬ್ಬಿ ತೆರೆದು ಬಳಿದುಬಿಟ್ಟಿದ್ದೆ.

ಬಂದೂಕಿನ ಉಕ್ಕು ಹಾಗೆ ಬೆಳ್ಳಗಿರುವುದು ಕಡಿಮೆ ಅಂತ ಆಮೇಲೆ ಗೊತ್ತಾಯಿತು. ತುಕ್ಕು ಹಿಡಿಯದಿರಲಿ ಅಂತ ಅದಕ್ಕೆ ಬ್ಲೂಯಿಂಗ್ ಮಾಡಿರುತ್ತಾರೆ. ಹೆಸರಿಗೆ ನೀಲಿ, ಕಣ್ಣಿಗೆ ಹೆಚ್ಚುಕಡಿಮೆ ಕಪ್ಪು. ಇಲ್ಲವಾದರೆ ಪಾರ್ಕರೈಸಿಂಗ್, ಅಂದರೆ ಫಾಸ್ಫೇಟ್ ಲೇಪ. ಅದು ಹೊಳಪೇ ಇಲ್ಲದ ಬೂದು.

ಇನ್ನೊಂದು ತೊಂದರೆ ಲೆಕ್ಕದ್ದು. ಎರಡನೇ ಮಹಾಯುದ್ಧದ ಜರ್ಮನ್ ಸಿಪಾಯಿಯ ಕಾರ್ 98ಕೆ ರೈಫಲ್ 111 ಸೆಂಟಿಮೀಟರ್ ಉದ್ದ. 1:35 ಅಳತೆಯಲ್ಲಿ, ಅಂದರೆ ನಿಜಕ್ಕಿಂತ 35 ಪಟ್ಟು ಚಿಕ್ಕ ಮಾದರಿಯಲ್ಲಿ, ಅದು 32 ಮಿಲಿಮೀಟರ್, ಬೆಂಕಿಕಡ್ಡಿಗಿಂತ ಗಿಡ್ಡ. ಬೆಳ್ಳಿ ಬಣ್ಣದಲ್ಲಿ ಹೊಳೆಯುವುದು ಲೋಹದ ಸಣ್ಣ ಸಣ್ಣ ಚೂರು. ಒಂದು ಚೂರು 30 ಮೈಕ್ರಾನ್, ಅಂದರೆ 0.03 ಮಿಲಿಮೀಟರ್ ಇದ್ದರೂ 35ರಿಂದ ಗುಣಿಸಿ ನೋಡಿ, ಒಂದು ಮಿಲಿಮೀಟರ್ ದಾಟುತ್ತದೆ. ನಿಜವಾದ ಬಂದೂಕಿನ ಮೇಲೆ ಸಕ್ಕರೆ ಉದುರಿಸಿದಂತೆ ಆಯಿತಲ್ಲ! ಅದಕ್ಕೇ ಕಣ್ಣು ನಂಬುವುದಿಲ್ಲ.

ಇದಕ್ಕೆ ಮದ್ದು ಪೆನ್ಸಿಲ್. ಮೊದಲು ಮ್ಯಾಟ್ ಕಪ್ಪು, ಅಂದರೆ ಹೊಳಪಿಲ್ಲದ ಕಪ್ಪು ಹಚ್ಚಿ ಒಣಗಲು ಬಿಡಬೇಕು. ಆಮೇಲೆ 6ಬಿ ಪೆನ್ಸಿಲ್ಲಿನ ಗ್ರಾಫೈಟ್ ಪುಡಿಯನ್ನು ಬೆರಳ ತುದಿಯಲ್ಲಿ ತೆಗೆದುಕೊಂಡು ನಳಿಗೆಯ ಮೇಲೆ ಸುಮ್ನೆ ಸವರಿದರೆ ಸಾಕು. ದೀಪದ ಕೆಳಗೆ ತಿರುಗಿಸಿದಾಗ ಬೆಳಕಿನ ಒಂದು ಗೆರೆ ನಳಿಗೆಯ ಉದ್ದಕ್ಕೂ ಜಾರಿಹೋಗುತ್ತದೆ. ಅಬ್ಬಾ, ಉಕ್ಕು! ಬೆಳ್ಳಿ ಬಣ್ಣಕ್ಕೂ ಅನ್ಯಾಯ ಮಾಡಬಾರದು. ಗುಂಡು ತುಂಬಲು ಹಿಡಿದೆಳೆಯುವ, ದಿನಾ ಕೈ ಸವೆಸುವ ಬೋಲ್ಟಿನ ಗುಂಡಿಗೆ ಟೂತ್‌ಪಿಕ್ ತುದಿಯಷ್ಟು ಇಡಬಹುದು. ಜಾಸ್ತಿ ಬೇಡ.

ಒಮ್ಮೆ ಇಷ್ಟೆಲ್ಲ ಚಂದ ಮಾಡಿ, ಕೊನೆಗೆ ಭದ್ರವಾಗಿರಲಿ ಅಂತ ಮ್ಯಾಟ್ ವಾರ್ನಿಷ್ ಸಿಂಪಡಿಸಿದೆ. ಉಕ್ಕು ಹೋಗಿ ಬಳಪದ ಕಡ್ಡಿ ಉಳಿಯಿತು. ಈಗ ವಾರ್ನಿಷ್ ಮೊದಲು, ಪೆನ್ಸಿಲ್ ಕೊನೆಗೆ.

ಬಂದೂಕಿನ ಮರದ ಭಾಗದ್ದು ಬೇರೆಯೇ ಕಥೆ. ಕಂದು ಬಣ್ಣ ಬಳಿದರೆ ಮರ ಆಗುವುದಿಲ್ಲ, ಕಂದು ಪ್ಲಾಸ್ಟಿಕ್ ಆಗುತ್ತದೆ. ಹಾಗಾಗಿ ಮೊದಲು ಮಾಸಲು ಮರಳಿನ ಬಣ್ಣ. ಅದು ಒಣಗಿದ ಮೇಲೆ ಬರ್ಂಟ್ ಅಂಬರ್ ಎಂಬ ಗಾಢ ಕಂದು ಎಣ್ಣೆ ಬಣ್ಣದ ಒಂದು ಚುಕ್ಕೆ. ಚುಕ್ಕೆಯನ್ನು ಸ್ವಲ್ಪ ಹೊತ್ತು ರಟ್ಟಿನ ಮೇಲೆ ಬಿಟ್ಟರೆ ಜಾಸ್ತಿ ಎಣ್ಣೆಯನ್ನು ರಟ್ಟೇ ಕುಡಿಯುತ್ತದೆ. ಆಮೇಲೆ ಅದನ್ನು ಬಂದೂಕಿಗೆ ಹಚ್ಚಿ, ಕೂದಲು ಉದುರಿದ ಹಳೇ ಕುಂಚದಿಂದ ಉದ್ದುದ್ದಕ್ಕೆ ಎಳೆಯಬೇಕು. ಕುಂಚ ಒಣಗಿರಬೇಕು. ಎಳೆದಲ್ಲೆಲ್ಲ ಬಣ್ಣ ಅರ್ಧ ಬರುತ್ತದೆ, ಅರ್ಧ ಉಳಿಯುತ್ತದೆ. ಉಳಿದದ್ದೇ ಮರದ ಎಳೆ. ಅಲ್ಲೇ ಕೈ ನಿಲ್ಲಿಸಬೇಕು. ಇನ್ನೊಂದೇ ಒಂದು ಸಲ ಅಂತ ಎಳೆದು ಎಷ್ಟು ಮರ ಹಾಳು ಮಾಡಿದ್ದೇನೋ! ಅಂಬರ್‌ನಲ್ಲಿ ಮ್ಯಾಂಗನೀಸ್ ಇರುವುದರಿಂದ ಅದು ಬೇರೆ ಎಷ್ಟೋ ಎಣ್ಣೆ ಬಣ್ಣಗಳಿಗಿಂತ ಬೇಗ ಒಣಗುತ್ತದೆ. ಬೇಗ ಅಂದರೂ ದಿನಗಳ ಲೆಕ್ಕವೇ.

ಆದರೆ ಇಲ್ಲೂ ಲೆಕ್ಕ ಹಾಕಿದೆ ನೋಡಿ, ತಪ್ಪಾಯಿತು. ನನ್ನ ಕುಂಚದ ಗೆರೆ ಕಾಲು ಮಿಲಿಮೀಟರ್. 35ರಿಂದ ಗುಣಿಸಿದರೆ ಸುಮಾರು 9 ಮಿಲಿಮೀಟರ್, ಪೆನ್ಸಿಲ್ಲಿಗಿಂತ ದಪ್ಪ. ಅಂಥ ಪಟ್ಟೆಪಟ್ಟೆ ಬಂದೂಕನ್ನು ನಾನಂತೂ ಎಲ್ಲೂ ನೋಡಿಲ್ಲ. ಈ ಮಾದರಿಯಷ್ಟೇ ಚಿಕ್ಕದಾಗಿ ಕಾಣುವಷ್ಟು ದೂರದಿಂದ ನಿಜವಾದ ಬಂದೂಕು ನೋಡಿದರೆ ಎಳೆ ಕಾಣುವುದೂ ಇಲ್ಲ. ಆದರೂ ನೋಡಿದವರು 'ಇದು ಮರಾನಾ?' ಅಂತ ಉಗುರಲ್ಲಿ ಕೆರೆಯಲು ಹೋಗುತ್ತಾರೆ. ಲೋಹದ ಒಂದು ಚೂರು ದೊಡ್ಡದಾದರೆ ಸಹಿಸದ ಕಣ್ಣು, ಮರದ ಇಷ್ಟು ದೊಡ್ಡ ಸುಳ್ಳನ್ನು ಹೇಗೆ ನುಂಗುತ್ತದೋ!

ಹೋದ ವಾರ ಒಂದು ರೈಫಲ್ ಮುಗಿಯುವ ಹೊತ್ತಿಗೆ ಪೆನ್ಸಿಲ್ ಮೊಂಡಾಗಿತ್ತು. ಹೆರೆದೆ. ಪುಡಿಯನ್ನು ಜೋಪಾನವಾಗಿ ಡಬ್ಬಿಗೆ ತುಂಬಿದೆ. ಸುರುಳಿ ಸುರುಳಿಯಾಗಿ ಬಿದ್ದ ಹೆರೆತವನ್ನು ಬೆಳಕಿಗೆ ಹಿಡಿದರೆ ಅದರ ತುಂಬ ಕೂದಲಿಗಿಂತ ಸಣ್ಣ ಎಳೆಗಳು. ಒಂದು ನಿಮಿಷ ನೋಡಿ ಕಸದ ಬುಟ್ಟಿಗೆ ಹಾಕಿ, ಪ್ಲಾಸ್ಟಿಕ್ಕಿಗೆ ಮರದ ಬಣ್ಣ ಎಳೆಯಲು ಕೂತೆ.