ಒಗ್ಗರಣೆಗೆ ಮುಂಚೆ ತೆಗೆದಿಟ್ಟ ಪಾಲು

ಹಾಸನದ ಕಡೆಯ ನಮ್ಮ ಊರಿನ ಮನೆಯಲ್ಲಿ ನಾಯಿಗೆಂದು ಬೇರೆ ಅಡುಗೆ ಇರಲಿಲ್ಲ. ಎಲ್ಲರ ಊಟ ಮುಗಿದ ಮೇಲೆ ಉಳಿದ ಮುದ್ದೆಯನ್ನು ಸಾರಿನಲ್ಲಿ ಕಿವುಚಿ ಹಿತ್ತಿಲಿನ ಕಲ್ಲುಮರಿಗೆಗೆ ಸುರಿಯುತ್ತಿದ್ದೆವು. ಈಗ ನಾನು ನೆಲೆಸಿರುವ ನ್ಯೂಜೆರ್ಸಿಯಲ್ಲಿ ನಾಯಿಯ ಊಟವೆಂದರೆ ಚೀಲದಿಂದ ಅಳೆದು ಹಾಕುವ ಒಣ ಕಾಳು, ಎಂದರೆ ಅಂಗಡಿಯ ಸಿದ್ಧ ನಾಯಿ ಆಹಾರ. ತಟ್ಟೆಯಿಂದ ತುತ್ತು ಕೊಡುವುದನ್ನು ಇಲ್ಲಿನ ಅನೇಕರು ಕೆಟ್ಟ ಅಭ್ಯಾಸವೆಂದೇ ತಿಳಿಯುತ್ತಾರೆ. ಎರಡು ರೀತಿಗಳನ್ನೂ ಹತ್ತಿರದಿಂದ ಕಂಡ ನನಗೆ, ಮನೆಯ ಅನ್ನ ನಾಯಿಗೆ ಸಲ್ಲದು ಎಂಬ ಮಾತು ಒಪ್ಪಿಗೆಯಾಗುವುದಿಲ್ಲ. ನಾವು ಅದರ ಪಾಲನ್ನು ಕೊನೆಯಲ್ಲಿ ತೆಗೆಯುತ್ತೇವಲ್ಲ, ತಪ್ಪಿರುವುದು ಅಲ್ಲಿ.

ಅಮ್ಮ ಇಲ್ಲಿಗೆ ಬಂದಿದ್ದಾಗ, "ದಿನಾ ಆ ಒಣಕಾಳೇ ತಿಂದು ಅದಕ್ಕೂ ಬಾಯಿ ಕೆಟ್ಟಿರುತ್ತೆ ಕಣೋ" ಎಂದು ಮರುಗಿ, ನಮ್ಮ ರಾಜನಿಗೆ ಒಂದು ಬಟ್ಟಲು ಬಿಸಿಬೇಳೆಬಾತ್ ಇಟ್ಟರು. ಆ ರಾತ್ರಿ ಅವನು ಮೂರು ಸಲ ವಾಂತಿ ಮಾಡಿದ. ಬಾತಿಗೆ ಏನೇನು ಹಾಕಿದ್ದಿರಿ ಎಂದು ಪಶುವೈದ್ಯೆ ಒಂದೊಂದಾಗಿ ಕೇಳಿ ಬರೆದುಕೊಳ್ಳುತ್ತಿದ್ದರು. ಈರುಳ್ಳಿ ಎಂದಾಗ ತಲೆಯಾಡಿಸಿದವರು, ಹುಣಸೆಹಣ್ಣು ಎಂದಾಗ ಬರೆಯುವುದನ್ನು ನಿಲ್ಲಿಸಿ, ಎಷ್ಟು ಎಂದು ಕೇಳಿದರು. ಎರಡು ದಿನ ಸಲೈನ್ ಕೊಟ್ಟು, ಮೂತ್ರಪಿಂಡದ ಸ್ಥಿತಿ ತಿಳಿಯಲು ಮತ್ತೆ ಮತ್ತೆ ರಕ್ತ ಪರೀಕ್ಷಿಸಿದ ಬಳಿಕ ಅವನನ್ನು ಮನೆಗೆ ಕಳಿಸಿದರು. ಕಾರಿನಲ್ಲಿ ಅವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತ ಅಮ್ಮ ದಾರಿಯುದ್ದಕ್ಕೂ ಮಾತಾಡಲಿಲ್ಲ.

ದ್ರಾಕ್ಷಿ ಮತ್ತು ಒಣದ್ರಾಕ್ಷಿ ನಾಯಿಯ ಮೂತ್ರಪಿಂಡವನ್ನು ಕೆಡಿಸಬಲ್ಲವು ಎಂಬುದು ವೈದ್ಯರಿಗೆ ಬಹಳ ಹಿಂದೆಯೇ ತಿಳಿದಿತ್ತು. ಅವುಗಳಲ್ಲಿರುವ ಟಾರ್ಟಾರಿಕ್ ಆಮ್ಲವೇ ಇದಕ್ಕೆ ಕಾರಣವಿರಬಹುದೆಂದು ಅಮೆರಿಕದ ಪಶುವೈದ್ಯರು ಸೂಚಿಸಿದ್ದು 2021ರಲ್ಲಿ. ಅದೇ ಆಮ್ಲ ಹೇರಳವಾಗಿರುವ ಹುಣಸೆಹಣ್ಣನ್ನು ತಿಂದ ನಾಯಿಗಳಲ್ಲೂ ಅಂಥದೇ ಹಾನಿ ಕಂಡುಬಂದದ್ದು ಮರುವರ್ಷ ವರದಿಯಾಯಿತು. ಹುಣಸೆಹುಳಿಯಿಲ್ಲದೆ ದಿನ ಕಳೆಯದ ನಮ್ಮ ಅಡುಗೆಮನೆಗಳಿಗೆ ಈ ಸುದ್ದಿ ಇನ್ನೂ ತಲುಪಬೇಕಾಗಿದೆ. ಹಬ್ಬದ ಪಾಯಸದ ದ್ರಾಕ್ಷಿಯ ವಿಷಯವೂ ಅಷ್ಟೆ.

ಈರುಳ್ಳಿ ಮತ್ತು ಬೆಳ್ಳುಳ್ಳಿ ನಾಯಿಯ ಕೆಂಪು ರಕ್ತಕಣಗಳನ್ನು ಒಡೆಯುತ್ತವೆ, ಮತ್ತು ಬೇಯಿಸಿದರೂ ಹುರಿದರೂ ಆ ಗುಣ ಹೋಗುವುದಿಲ್ಲ. ದೇಹದ ತೂಕದ ಶೇ. 0.5ಕ್ಕಿಂತ ಹೆಚ್ಚು ಈರುಳ್ಳಿ ಒಮ್ಮೆಗೆ ಹೊಟ್ಟೆಗೆ ಹೋದರೆ ಅಪಾಯವೆಂದು ಪಶುವೈದ್ಯಶಾಸ್ತ್ರ ಹೇಳುತ್ತದೆ. 5 ಕೆಜಿಯ ಪೊಮೇರಿಯನ್‌ಗೆ ಅದು 25 ಗ್ರಾಂ, ಎಂದರೆ ಎರಡು ಮೂರು ಸಾಂಬಾರ್ ಈರುಳ್ಳಿ. ರಕ್ತಹೀನತೆ ಕಾಣಿಸಿಕೊಳ್ಳಲು ಕೆಲವು ದಿನಗಳೇ ಬೇಕಾಗುವುದರಿಂದ, ಸೋಮವಾರದ ಹುಳಿಗೂ ಶುಕ್ರವಾರದ ನಿತ್ರಾಣಕ್ಕೂ ಯಾರೂ ನಂಟು ಕಲ್ಪಿಸುವುದಿಲ್ಲ. "ನಮ್ಮೂರ ನಾಯಿಗಳು ಸಾರನ್ನ ತಿಂದೇ ಬದುಕಿಲ್ಲವೇ" ಎಂದು ಕೇಳುವವರಿಗೆ ನಾನು ಹೇಳುವುದು ಇಷ್ಟು: ಬದುಕಿದವನ್ನು ನಾವು ಕಂಡೆವು, ಸತ್ತವು ಏಕೆ ಸತ್ತವೆಂದು ಕೇಳಲಿಲ್ಲ.

ಇಲ್ಲಿನವರ ರೀತಿಯೂ ಪೂರ್ತಿ ಸರಿಯೆಂದು ನಾನು ಹೇಳಲಾರೆ. ತುತ್ತು ಅನ್ನಕ್ಕೆ ಹೆದರುವ ಮನೆಯಲ್ಲೇ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ದಿನ ಟರ್ಕಿ ಕೋಳಿಯ ಕೊಬ್ಬು ತುಂಬಿದ ಚರ್ಮವನ್ನು ನಾಯಿಗೆ ಹಾಕಿ, ಮೇದೋಜೀರಕ ಗ್ರಂಥಿ ಊದಿಕೊಂಡಾಗ ಆಸ್ಪತ್ರೆಗೆ ಓಡುವವರಿದ್ದಾರೆ. ಅನ್ನ ನಾಯಿಗೆ ಹೊರಗಿನದೇನೂ ಅಲ್ಲ. ಪಿಷ್ಟವನ್ನು ಜೀರ್ಣಿಸುವ ಜೀನಿನ ಪ್ರತಿಗಳು ತೋಳಕ್ಕಿಂತ ನಾಯಿಯಲ್ಲಿ ಬಹಳ ಹೆಚ್ಚಿವೆ ಎಂದು 2013ರಲ್ಲಿ ಸ್ವೀಡನ್ನಿನ ವಿಜ್ಞಾನಿಗಳು ತೋರಿಸಿದರು. ಹೊಟ್ಟೆ ಕೆಟ್ಟ ನಾಯಿಗೆ ಇಲ್ಲಿನ ವೈದ್ಯರೂ ಬೇಯಿಸಿದ ಕೋಳಿ ಮತ್ತು ಅನ್ನವನ್ನೇ ಹೇಳುತ್ತಾರೆ. ಹಾಗೆಂದು ಮನೆಯೂಟವೊಂದೇ ಸಾಲದು. ಅದೇ 2013ರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಕೇಂದ್ರದವರು ನಾಯಿಗಾಗಿ ಮನೆಯಲ್ಲಿ ಮಾಡುವ 200 ಅಡುಗೆಗಳನ್ನು ಪರೀಕ್ಷಿಸಿದಾಗ, 190ರಲ್ಲಿ ಒಂದಾದರೂ ಅಗತ್ಯ ಪೋಷಕಾಂಶ ಕಡಿಮೆಯಿತ್ತು.

ಆದ್ದರಿಂದ ರಾಜನ ಊಟದಲ್ಲಿ ಒಂಬತ್ತು ಪಾಲು ಅವನ ಕಾಳು, ಒಂದು ಪಾಲು ನಮ್ಮ ಅಡುಗೆ. ಕುಕ್ಕರಿನ ಮುಚ್ಚಳ ತೆಗೆದೊಡನೆ, ಉಪ್ಪು, ಹುಳಿ, ಖಾರ ಬೀಳುವ ಮೊದಲೇ, ಬೆಂದ ಬೇಳೆ, ಹುರುಳಿಕಾಯಿ, ಕ್ಯಾರೆಟ್‌ಗಳಿಂದ ಎರಡು ಚಮಚ ಅವನ ಬಟ್ಟಲಿಗೆ ಹೋಗುತ್ತದೆ. ಅಷ್ಟರ ಮಟ್ಟಿಗೆ ಕಾಳನ್ನು ಕಡಿಮೆ ಮಾಡುತ್ತೇನೆ. ಕೆಲವು ದಿನ ಒಗ್ಗರಣೆ ಹಾಕದ ಮೊಸರನ್ನ. ಬೆಂದ ಮೂಳೆ ಸೀಳಾಗಿ ಕರುಳಿಗೆ ಚುಚ್ಚುವುದರಿಂದ ಅದನ್ನಂತೂ ಕೊಡುವುದೇ ಇಲ್ಲ. ಊರಿಗೆ ಮರಳಿದ ಅಮ್ಮ ಈಗ ಅಲ್ಲಿಯೂ ಮುದ್ದೆ ಕಟ್ಟುವಾಗಲೇ ಒಂದು ಸಣ್ಣ ಉಂಡೆಯನ್ನು ಬೇರೆ ಇಡುತ್ತಾರೆ, ಮತ್ತು ಅದರ ಮೇಲೆ ಸಾರಿನ ಬದಲು ಮಜ್ಜಿಗೆ ಹಾಕುತ್ತಾರೆ.