ಕೊನೆಯ ನಲ್ಲಿಯ ನೀರನ್ನೂ ಪರೀಕ್ಷಿಸಲಿ

ಕಳೆದ ಮಳೆಗಾಲದಲ್ಲಿ ಹಾಸನದ ನಮ್ಮ ಬೀದಿಯ ಮೂರು ಮನೆಗಳ ಮಕ್ಕಳಿಗೆ ಒಂದೇ ವಾರದಲ್ಲಿ ವಾಂತಿಭೇದಿಯಾಯಿತು. ನಲ್ಲಿಯ ನೀರು ತಿಳಿಯಾಗಿಯೇ ಇತ್ತು, ವಾಸನೆಯೂ ಇರಲಿಲ್ಲ. ಅನುಮಾನ ತೀರದೆ, ಮಲದೊಂದಿಗೆ ಬರುವ ಬ್ಯಾಕ್ಟೀರಿಯಾ ಇದ್ದರೆ ನೀರನ್ನು ಕಪ್ಪಾಗಿಸಿ ತೋರಿಸುವ ಎಚ್‌ಟುಎಸ್ ಪರೀಕ್ಷೆಯ ಪುಟ್ಟ ಬಾಟಲಿಗೆ ಆ ನೀರನ್ನು ಗುರುತಿನವರೆಗೆ ತುಂಬಿ ಅಡುಗೆಮನೆಯ ಕಪಾಟಿನಲ್ಲಿಟ್ಟೆ. ಮರುದಿನ ಸಂಜೆಗೆ ಅದು ಕಾಫಿ ಡಿಕಾಕ್ಷನ್ನಿನಷ್ಟು ಕಪ್ಪಾಗಿತ್ತು.

ದೂರು ಕೊಟ್ಟಾಗ ಓವರ್‌ಹೆಡ್ ಟ್ಯಾಂಕಿನ ನೀರಿನ ವರದಿ ತೋರಿಸಿದರು. ಅದರಲ್ಲಿ ದೋಷವಿರಲಿಲ್ಲ, ಆ ವರದಿ ಸುಳ್ಳೆಂದು ನಾನು ಹೇಳುವುದೂ ಇಲ್ಲ. ಆದರೆ ನಾವು ಕುಡಿಯುವುದು ಟ್ಯಾಂಕಿನಿಂದಲ್ಲ, ನಲ್ಲಿಯಿಂದ. ಎರಡು ಮೂರು ದಿನಕ್ಕೊಮ್ಮೆ ನೀರು ಬಿಡುವ ಊರಿನಲ್ಲಿ, ನೀರುಗಂಟಿ ವಾಲ್ವ್ ಮುಚ್ಚಿದ ಮೇಲೆ ಖಾಲಿಯಾಗುವ ಪೈಪು, ಸಣ್ಣ ಬಿರುಕಿದ್ದರೂ ಸಾಕು, ಸುತ್ತಲಿನ ಕೊಳೆನೀರನ್ನು ಒಳಗೆ ಎಳೆದುಕೊಳ್ಳುತ್ತದೆ. ನಮ್ಮ ಬೀದಿಯಲ್ಲಿ ಅಗೆಸಿ ನೋಡಿದಾಗ ಸಿಕ್ಕಿದ್ದು ಅದೇ: ಚರಂಡಿಯೊಳಗೆ ಹಾದುಹೋಗಿದ್ದ ಪೈಪಿನ ಜಾಯಿಂಟಿಗೆ ಯಾವ ಕಾಲದಲ್ಲೋ ಸೈಕಲ್ ಟ್ಯೂಬ್ ಸುತ್ತಿದ್ದರು.

ಕುಡಿಯುವ ನೀರಿನ ಭಾರತೀಯ ಮಾನಕವಾದ ಐಎಸ್ 10500ರ ಪ್ರಕಾರ 100 ಮಿಲಿಲೀಟರ್ ನೀರಿನಲ್ಲಿ ಒಂದೇ ಒಂದು ಇ. ಕೋಲಿ ಬ್ಯಾಕ್ಟೀರಿಯಾವೂ ಕಾಣಿಸಬಾರದು. ಇ. ಕೋಲಿಯ ಎಲ್ಲ ತಳಿಗಳೂ ರೋಗ ತರುವುದಿಲ್ಲ ಎಂಬುದು ನಿಜ. ಆದರೆ ಅದು ಮನುಷ್ಯರ ಮತ್ತು ಪ್ರಾಣಿಗಳ ಕರುಳಿನಲ್ಲಿ ವಾಸಿಸುವ ಜೀವಿಯಾದ್ದರಿಂದ, ನೀರಿನಲ್ಲಿ ಸಿಕ್ಕಿತೆಂದರೆ ಮಲ ಬೆರೆತಿದೆ ಎಂದೇ ಅರ್ಥ. ಕಾಲರಾ, ಟೈಫಾಯ್ಡ್‌ಗಳಿಗೂ ಅದೇ ದಾರಿ. ಸೋಂಕು ನಿವಾರಿಸಿದ ಬಳಿಕವೂ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕೆಂಬ ನಿಯಮವಿರುವುದು ದಾರಿಯಲ್ಲಿ ಸೇರುವ ಕೊಳೆಯನ್ನು ಎದುರಿಸಲಿ ಎಂದು. ಆ ಕ್ಲೋರಿನ್ ಕೊನೆಯ ಮನೆಯವರೆಗೆ ಬಂದಿದೆಯೇ ಎಂದು ನೋಡಲು ಐದು ನಿಮಿಷ ಸಾಕು.

ಮಾದರಿ ಸಂಗ್ರಹದಲ್ಲಿಯೂ ಶಿಸ್ತು ಬೇಕು. ಪ್ರಯೋಗಾಲಯಕ್ಕೆ ಕಳುಹಿಸುವ ಬಾಟಲಿ ಕ್ರಿಮಿಶುದ್ಧವಾಗಿರಬೇಕು, ಕ್ಲೋರಿನ್ನನ್ನು ತಟಸ್ಥಗೊಳಿಸಲು ಅದರಲ್ಲಿ ಸೋಡಿಯಂ ಥಯೋಸಲ್ಫೇಟ್ ಇರಬೇಕು, ಮಂಜುಗಡ್ಡೆಯ ಪೆಟ್ಟಿಗೆಯಲ್ಲಿ 24 ಗಂಟೆಯೊಳಗೆ ತಲುಪಬೇಕು. ಬಿಸಿಲಿನಲ್ಲಿ ಬೈಕಿಗೆ ತೂಗುಹಾಕಿಕೊಂಡು ಒಯ್ದ ಬಾಟಲಿಯ ಫಲಿತಾಂಶವನ್ನು ನಾನಂತೂ ನಂಬಲಾರೆ. ಎಚ್‌ಟುಎಸ್ ಬಾಟಲಿಯೂ ಎಚ್ಚರಿಕೆಯ ಗಂಟೆಯಷ್ಟೇ, ಪ್ರಯೋಗಾಲಯಕ್ಕೆ ಬದಲಿಯಲ್ಲ.

ನಾನು ಕೇಳುವುದು ಇಷ್ಟೇ: ಪ್ರತಿ ಬಡಾವಣೆಯಲ್ಲಿ ಪೈಪು ಮುಗಿಯುವ ಕಡೆಯ ಮನೆಯ ನಲ್ಲಿಯಿಂದಲೂ ಮಾದರಿ ತೆಗೆಯಲಿ, ಮಳೆಗಾಲದಲ್ಲಿ ಇನ್ನಷ್ಟು ಬಾರಿ ತೆಗೆಯಲಿ, ಫಲಿತಾಂಶವನ್ನು ನ್ಯಾಯಬೆಲೆ ಅಂಗಡಿಯ ಫಲಕದಲ್ಲಿ ದಿನಾಂಕ ಸಮೇತ ಬರೆಯಲಿ. ನಮ್ಮ ಜಾಯಿಂಟನ್ನು ಬದಲಾಯಿಸಿದ ಮೇಲೆ ತುಂಬಿಟ್ಟ ಎರಡು ಬಾಟಲಿಗಳೂ ಕಪ್ಪಾಗಲಿಲ್ಲ. ಪಕ್ಕದ ಬೀದಿಯಲ್ಲಿ ಪೈಪು ಈಗಲೂ ಚರಂಡಿಯೊಳಗೇ ಇದೆ, ಅಲ್ಲಿಯವರು ದಯವಿಟ್ಟು ನೀರನ್ನು ಕುದಿಸಿಯೇ ಕುಡಿಯಿರಿ.